ಹಳೆ ಬೈಕಿನ ಮೈಗೆ ಮನೆಮದ್ದು

ಹೊಸದುರ್ಗದ ಸೀಮೆಯಲ್ಲಿ ತೆಂಗಿನ ತೋಟಕ್ಕೆ ಬೈಕಿನಲ್ಲಿ ಹೋಗುವವರಿಗೆ ಒಂದು ಅಭ್ಯಾಸ ಇರಬೇಕು. ಗಾಡಿ ನಿಲ್ಲಿಸುವ ಮುನ್ನ ತಲೆಯೆತ್ತಿ ಮೇಲೆ ನೋಡುವುದು. ಒಂದೂವರೆ ಕಿಲೋ ತೂಗುವ ಕಾಯಿಯೊಂದು ನಲವತ್ತು ಅಡಿ ಎತ್ತರದಿಂದ ಕಳಚಿಕೊಂಡರೆ ಕೆಳಗೆ ಬರುವ ಹೊತ್ತಿಗೆ ಅದರ ವೇಗ ಗಂಟೆಗೆ 55 ಕಿಲೋಮೀಟರ್ ಮುಟ್ಟಿರುತ್ತದೆ. ಮನುಷ್ಯನ ತಲೆಯ ಮಾತು ಹಾಗಿರಲಿ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿದ್ದರೂ ಅಂಗೈಯಗಲದ ನೆಗ್ಗು ಖಾತ್ರಿ. ಹೊಸ ಬೈಕಾದರೆ ಷೋರೂಮಿನವರು ಬೇರೆ ಟ್ಯಾಂಕು ತರಿಸಿಕೊಡುತ್ತಾರೆ. ನೆಗ್ಗಿದ್ದು ಅಪ್ಪನ ಕಾಲದ ಯೆಜ್ಡಿಯ ಟ್ಯಾಂಕಾದರೆ?

ಯೆಜ್ಡಿ ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ ಕಂಪೆನಿಯ ಕಾರ್ಖಾನೆ ಮೈಸೂರಿನಲ್ಲಿ 1961ರಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸುತ್ತಿದ್ದ ಕಂಪೆನಿ ಎಪ್ಪತ್ತರ ದಶಕದಲ್ಲಿ ತನ್ನ ಗಾಡಿಗಳಿಗೆ ಯೆಜ್ಡಿ ಎಂದು ಹೆಸರಿಟ್ಟುಕೊಂಡಿತು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರು, ಸುತ್ತಲೂ ಮುಚ್ಚಿದ ಚೈನ್ ಕವರು, ಜೋಡಿ ಸೈಲೆನ್ಸರು. ಈ ಗುರುತುಗಳಿಂದಲೇ ಅದನ್ನು ದೂರದಿಂದ ಹೇಳಬಹುದಾಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ, ಯೆಜ್ಡಿ ಎಂಬ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿ ಬಂದವಾದರೂ ಅವು ಬೇರೆಯೇ ಎಂಜಿನಿನ, ಬೇರೆಯೇ ಮೈಕಟ್ಟಿನ ಗಾಡಿಗಳು. ಅವುಗಳ ತಗಡು ಇವಕ್ಕೆ ಕೂರದು.

ಹೀಗಾಗಿ ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ಕೊಟ್ಟಿಗೆಗಳಲ್ಲಿ ಗೋಣಿತಾಟು ಹೊದ್ದು ನಿಂತಿರುವ ಜಾವಾ, ಯೆಜ್ಡಿ, ರಾಜದೂತ್, ಹಳೆ ಬುಲೆಟ್ಟುಗಳ ಹೊರಮೈ ಒಡೆದರೆ ಮಾಲೀಕನ ಮುಂದೆ ಮೂರು ದಾರಿ. ಬೆಂಗಳೂರಿನಿಂದ ನಕಲಿ ಸ್ಪೇರು ತರಿಸುವುದು, ಗಾಡಿಯನ್ನು ಗುಜರಿಗೆ ಹಾಕುವುದು, ಇಲ್ಲವೇ ಇದ್ದುದನ್ನೇ ರಿಪೇರಿ ಮಾಡುವುದು. ನಕಲಿ ಮಡ್‌ಗಾರ್ಡುಗಳ ತಗಡು ಸಾಮಾನ್ಯವಾಗಿ ತೆಳು. ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ. ಗುಜರಿಯವನು ಕೊಡುವುದು ತೂಕದ ಬೆಲೆ. ಮೂರನೆಯ ದಾರಿಯೇ ಅಗ್ಗದ್ದು ಮತ್ತು ಒಳ್ಳೆಯದು. ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಕಿರಾಣಿ ಅಂಗಡಿ ಮತ್ತು ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಒಂದು ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಕೂಡದು. ಅದು ಯಾವುದೆಂಬುದನ್ನು ಮುಂದೆ ವಿವರವಾಗಿ ನೋಡೋಣ. ಏಕೆಂದರೆ ಅದು ಜೀವದ ಪ್ರಶ್ನೆ.

ತುಕ್ಕಿನ ಲೆಕ್ಕಾಚಾರ

ಬಯಲುಸೀಮೆಯವರು ಒಂದು ವಿಷಯದಲ್ಲಿ ಅದೃಷ್ಟವಂತರು. ಕಬ್ಬಿಣ ತುಕ್ಕು ಹಿಡಿಯಲು ಗಾಳಿ, ನೀರು ಎರಡೂ ಬೇಕು. ಹಿರಿಯೂರಿನ ಕಡೆ ಗಾಳಿಗೇನೂ ಬರವಿಲ್ಲ, ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳೇ ನಿಂತಿವೆ. ಆದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಅದೂ ಒಂದು. ಮಂಗಳೂರಿನಲ್ಲಿ ಹತ್ತು ವರ್ಷಕ್ಕೇ ಜಾಳುಜಾಳಾಗುವ ಮಡ್‌ಗಾರ್ಡು ಇಲ್ಲಿ ಮೂವತ್ತು ವರ್ಷ ಬಾಳುತ್ತದೆ. ಮಲೆನಾಡು, ಕರಾವಳಿಯ ಗಾಡಿಗಳಿಗಿಂತ ಇಲ್ಲಿನ ಹಳೆ ಗಾಡಿಗಳ ತಗಡು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣ ಇದೇ.

ಹಾಗೆಂದು ಇಲ್ಲಿ ತುಕ್ಕು ಇಲ್ಲವೆಂದಲ್ಲ. ಅದು ಬೇರೆ ಬಾಗಿಲಿನಿಂದ ಬರುತ್ತದೆ. ಮಡ್‌ಗಾರ್ಡಿನ ಒಳಬದಿಗೆ ಮೆತ್ತಿಕೊಂಡ ಎರೆಮಣ್ಣು ಒಂದು ಮಳೆಯ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗಿನಿಂದ ತಗಡು ಕರಗುತ್ತಿರುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ; ಚೀಲ ಹೊತ್ತ ಕ್ಯಾರಿಯರು ಮೊದಲು ಕೊಳೆಯುವುದು ಅದರಿಂದ. ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಗೆ ಮೈಲುತುತ್ತ ಸಾಗಿಸುವ ಗಾಡಿಯ ಕಥೆ ಇನ್ನೂ ಸ್ವಾರಸ್ಯ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟರೆ ಮೊಳೆಯ ಮೇಲೆ ಕೆಂಪು ತಾಮ್ರ ಕೂರುವುದನ್ನು ಹೈಸ್ಕೂಲಿನಲ್ಲಿ ಎಲ್ಲರೂ ನೋಡಿರುತ್ತಾರೆ. ತಾಮ್ರ ಬಂದು ಕೂತಷ್ಟೂ ಕಬ್ಬಿಣ ಎದ್ದು ಹೋಗಿದೆ ಎಂಬುದನ್ನು ಮಾತ್ರ ಮರೆತಿರುತ್ತಾರೆ. ಅದೇ ದ್ರಾವಣದ ನಾಲ್ಕು ಹನಿ ಮಡ್‌ಗಾರ್ಡಿನ ಗೀರಿನ ಮೇಲೆ ಬಿದ್ದರೆ ಅಲ್ಲಿಯೂ ಅದೇ ಪ್ರಯೋಗ ನಡೆಯುತ್ತದೆ. ಗಾಡಿಯನ್ನು ಆಗಲೇ ನೀರಿನಿಂದ ತೊಳೆದರೆ ಸಾಕು, ಖರ್ಚಿಲ್ಲದ ರಿಪೇರಿ.

ಜಿಲ್ಲೆಯ ಅದಿರು ಮಣ್ಣಿನ ಬಣ್ಣ ಮತ್ತು ತುಕ್ಕಿನ ಬಣ್ಣ ಒಂದೇ ಆಗಿರುವುದು ಆಕಸ್ಮಿಕವಲ್ಲ. ಎರಡೂ ಕಬ್ಬಿಣದ ಆಕ್ಸೈಡ್. ಕಾರ್ಖಾನೆ ಬಲವಂತವಾಗಿ ಬಿಡಿಸಿದ ಆಮ್ಲಜನಕವನ್ನು ಕಬ್ಬಿಣ ಮತ್ತೆ ಕೂಡಿಕೊಳ್ಳಲು ಹವಣಿಸುತ್ತಲೇ ಇರುತ್ತದೆ. ಹಾಗೆ ಕೂಡಿದಾಗ ಅದು ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಬಣ್ಣದಡಿಯಲ್ಲಿ ಬೊಬ್ಬೆ ಏಳುವುದು ಇದರಿಂದಲೇ. ಬೊಬ್ಬೆಯ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಪೌಡರು ಹಾಕಿದಂತೆ.

ತುಕ್ಕು ತೆಗೆಯಲು ಅನೇಕರು ಕಕ್ಕಸು ತೊಳೆಯುವ ಆಸಿಡ್ ಸುರಿಯುತ್ತಾರೆ. ತುಕ್ಕೇನೋ ನಿಮಿಷಗಳಲ್ಲಿ ಹೋಗುತ್ತದೆ. ಜೊತೆಗೆ ತಗಡೂ ಹೋಗುತ್ತದೆ. ಮಡಿಕೆಗಳಲ್ಲಿ ಉಳಿದ ಕ್ಲೋರೈಡಿನಿಂದ ತಿಂಗಳೊಳಗೆ ಮತ್ತೆ ತುಕ್ಕು ಹುಟ್ಟುತ್ತದೆ. ಅದರ ಹೊಗೆ ಪಕ್ಕದಲ್ಲಿಟ್ಟ ಪಾನಾಗಳನ್ನೂ ಹಾಳುಮಾಡುತ್ತದೆ. ಅದಕ್ಕಿಂತ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಎಷ್ಟೋ ಮೇಲು. ಸಿಟ್ರಿಕ್ ಆಮ್ಲವೆಂದರೆ ಅದೇ. ಒಂದು ಲೀಟರ್ ಬಿಸಿನೀರಿಗೆ ಐವತ್ತರಿಂದ ನೂರು ಗ್ರಾಂ ಕರಗಿಸಿ, ಬಿಚ್ಚಿದ ಭಾಗವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಮಸಿಯಾಗಿ ಸಡಿಲವಾಗಿರುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಬಿಟ್ಟುಬರುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕುವ ಅಜ್ಜಿಯಂದಿರಿಗೆ ಈ ವಿದ್ಯೆ ಗೊತ್ತಿತ್ತು. ಹುಣಸೆಯ ಟಾರ್ಟಾರಿಕ್ ಆಮ್ಲ ಮಾಡುವುದೂ ಇದೇ ಕೆಲಸವನ್ನು, ಸ್ವಲ್ಪ ನಿಧಾನವಾಗಿ. ತೆಗೆದ ಮೇಲೆ ಅಡುಗೆ ಸೋಡದ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತಕ್ಷಣವೇ ಎಣ್ಣೆ ಅಥವಾ ಪ್ರೈಮರ್ ಸವರಬೇಕು. ಬೆತ್ತಲೆ ಕಬ್ಬಿಣ ಕಾಫಿ ಕುಡಿದು ಬರುವಷ್ಟರಲ್ಲಿ ಕೆಂಪಡರಲು ಶುರುಮಾಡುತ್ತದೆ.

ಆಳವಾಗಿ ತುಕ್ಕು ಹಿಡಿದ ಚೈನ್ ಕವರಿನಂಥ ಭಾಗಗಳಿಗೆ ವಿದ್ಯುದ್ವಿಭಜನೆ ಉಂಟು. ಬಕೆಟ್ ನೀರಿಗೆ ಲೀಟರಿಗೊಂದು ಚಮಚ ವಾಷಿಂಗ್ ಸೋಡ. ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣಧ್ರುವ ತುಕ್ಕು ಹಿಡಿದ ಭಾಗಕ್ಕೆ, ಧನಧ್ರುವ ಒಂದು ನಿರುಪಯೋಗಿ ಕಬ್ಬಿಣದ ಸಲಾಕೆಗೆ. ಎರಡೂ ಒಂದನ್ನೊಂದು ಮುಟ್ಟಬಾರದು. ಧ್ರುವಗಳು ಅದಲುಬದಲಾದರೆ ಸಲಾಕೆ ಉಳಿದು ಚೈನ್ ಕವರು ಕರಗುತ್ತದೆ! ಹೊರಬರುವ ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅಂಗಳದಲ್ಲೇ ಮಾಡಬೇಕು. ಸೋಡದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಸಲಾಕೆಯ ಬದಲು ಸ್ಟೀಲಿನ ಚಮಚ ಇಟ್ಟರೆ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಎರಡೂ ಬೇಡ. ಮನೆಯ ಕರೆಂಟಿಗೆ ನೇರ ತಂತಿ ಕೊಡುವ ಸಾಹಸವಂತೂ ಬೇಡವೇ ಬೇಡ.

ಜಾವಾ ಟ್ಯಾಂಕಿನ ಪಕ್ಕಗಳಲ್ಲಿ, ಹ್ಯಾಂಡಲಿನಲ್ಲಿ ಇರುವ ಕ್ರೋಮ್ ಹೊಳಪಿನ ಮೇಲಿನ ತುಕ್ಕಿನ ಚುಕ್ಕೆಗೆ ಉಪ್ಪುಕಾಗದ ಹಾಕಿದರೆ ಗೀರು ಶಾಶ್ವತ. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯುಮಿನಿಯಂ ಕ್ರೋಮಿಗಿಂತ ಮೆತ್ತನೆಯದು. ತುಕ್ಕನ್ನು ತೆಗೆಯುತ್ತದೆ, ಹೊಳಪನ್ನು ಗೀರುವುದಿಲ್ಲ.

ನೆಗ್ಗು ಎತ್ತುವ ಬಗೆ

ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಟಿಂಕರಿಂಗ್ ಎಂದು ಹೆಸರು. ಲಾರಿಗಳ ಓಡಾಟ ಹೆಚ್ಚಿರುವ ಚಿತ್ರದುರ್ಗದಂಥ ಹೆದ್ದಾರಿಯ ಊರಿನಲ್ಲಿ ಟಿಂಕರಿಂಗ್ ಕೆಲಸಗಾರರನ್ನು ಹುಡುಕಬೇಕಾಗಿಲ್ಲ. ಆದರೆ ಮಡ್‌ಗಾರ್ಡು, ಸೈಡ್ ಬಾಕ್ಸುಗಳ ಸಣ್ಣ ನೆಗ್ಗು ಎತ್ತಲು ಮನೆಯಲ್ಲಿರುವ ಸಾಮಾನೇ ಸಾಕು: ಒಂದು ಮರದ ಕೊಡತಿ, ಮುಕ್ಕಾಲು ಭಾಗ ಮರಳು ತುಂಬಿ ಬಾಯಿ ಹೊಲಿದ ಗಟ್ಟಿ ಚೀಲ, ಹಿಂದಿನಿಂದ ಒತ್ತಿ ಹಿಡಿಯಲು ದುಂಡನೆಯ ಭಾರವಾದ ಒಂದು ಕಬ್ಬಿಣದ ತುಂಡು. ಎಲೆ ಅಡಿಕೆ ಕುಟ್ಟುವ ಹಳೆ ಕುಟ್ಟಾಣಿಯ ಬುಡ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಎಲ್ಲರೂ ಮಾಡುವುದು ನೆಗ್ಗಿನ ನಟ್ಟನಡುವೆ ಒಳಗಿನಿಂದ ಬಲವಾಗಿ ಒಂದೇ ಪೆಟ್ಟು ಹಾಕುವುದು. ಅದರಿಂದ ನಡುವಿನ ತಗಡು ಹಿಗ್ಗಿ ಅಲ್ಲೊಂದು ಮೊಲೆಗಟ್ಟು ಏಳುತ್ತದೆ. ನೆಗ್ಗು ಹೇಗೆ ಉಂಟಾಯಿತೆಂದು ಯೋಚಿಸಿದರೆ ದಾರಿ ತಾನೇ ಹೊಳೆಯುತ್ತದೆ. ಪೆಟ್ಟು ಮೊದಲು ನಡುವೆ ಬಿತ್ತು; ಆಮೇಲೆ ಸುತ್ತಲಿನ ತಗಡು ಒಳಕ್ಕೆ ಎಳೆದುಕೊಂಡು ಅಂಚಿನಲ್ಲಿ ಏರು ಮೂಡಿತು. ಬಿಡಿಸುವಾಗ ಕ್ರಮ ತಿರುಗುಮುರುಗು. ಕೊನೆಗೆ ಮೂಡಿದ ಅಂಚಿನ ಏರನ್ನು ಹೊರಗಿನಿಂದ ಮೆಲ್ಲಗೆ ತಟ್ಟಿ ತಗ್ಗಿಸುತ್ತಾ, ಹಿಂದಿನಿಂದ ಕುಟ್ಟಾಣಿ ಒತ್ತುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರಬೇಕು. ಅರ್ಧ ನೆಗ್ಗು ತಾನಾಗಿಯೇ ಎದ್ದು ಬರುವುದನ್ನು ಕಂಡು ಮೊದಲ ಬಾರಿ ಮಾಡುವವರಿಗೆ ಆಶ್ಚರ್ಯವಾಗುತ್ತದೆ. ನೂರು ಸಣ್ಣ ಪೆಟ್ಟು, ದೊಡ್ಡದೊಂದೂ ಇಲ್ಲ, ಇಷ್ಟೇ ಗುಟ್ಟು.

ಪೆಟ್ಟು ತಿಂದಷ್ಟೂ ಉಕ್ಕು ಗಡುಸಾಗುತ್ತದೆ, ಕೊನೆಗೆ ಬಿರಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಾಗ ಆಗುವುದೂ ಇದೇ. ತಗಡು ಮಾತು ಕೇಳದಿದ್ದರೆ ಬ್ಲೋಲ್ಯಾಂಪಿನಿಂದ ಮಂದ ಕೆಂಪಿಗೆ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಮತ್ತೆ ಮೆದುವಾಗುತ್ತದೆ. ನೀರು ಹುಯ್ಯಬಾರದು. ಈ ಉಪಾಯ ಮಡ್‌ಗಾರ್ಡಿಗೆ, ಸೈಡ್ ಬಾಕ್ಸಿಗೆ, ಟ್ಯಾಂಕಿಗಲ್ಲ.

ಉಳಿದ ಅಲ್ಪಸ್ವಲ್ಪ ತಗ್ಗಿಗೆ ಪುಟ್ಟಿ. ಅದೂ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಮೀರದಂತೆ, ತೆಳು ಪದರಗಳಲ್ಲಿ. ನೆಗ್ಗನ್ನು ಎತ್ತದೆ ಪುಟ್ಟಿಯಲ್ಲೇ ಹೂಳಿದ ಟ್ಯಾಂಕುಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಅದು ಎಲ್ಲೆಡೆ ಅಂಟಿ ಒಂದು ಕಡೆ ಮಾತ್ರ ಜಾರಿದರೆ ಅಲ್ಲಿ ತಗಡಿನ ಮೇಲೆ ಗೋಡೆ ಕಟ್ಟಿದ್ದಾರೆ ಎಂದೇ ಅರ್ಥ.

ಹಾಲಿನ ಕ್ಯಾನು, ಔಷಧಿ ಹೊಡೆಯುವ ಸ್ಪ್ರೇಯರು, ಕಾಯಿಯ ಚೀಲ ಹೊತ್ತು ಹಳ್ಳಿಯ ರಸ್ತೆಯಲ್ಲಿ ಕುಲುಕಿದ ಹಿಂದಿನ ಮಡ್‌ಗಾರ್ಡು ಬೋಲ್ಟಿನ ತೂತಿನ ಬಳಿ ಸೀಳುತ್ತದೆ. ಬಿರುಕಿನ ತುದಿ ಸೂಜಿಯಷ್ಟು ಚೂಪು. ಬಲವೆಲ್ಲ ಆ ಒಂದು ಬಿಂದುವಿಗೆ ಬಂದು ಸೇರುವುದರಿಂದ ಅದು ಮುಂದೆ ಮುಂದೆ ಓಡುತ್ತದೆ. ಅದರ ಓಟ ನಿಲ್ಲಿಸಲು ತುದಿ ಕಾಣುವಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆದರಾಯಿತು. ಇದ್ದ ಬಿರುಕು ಸಾಲದೆಂದು ತೂತು ಬೇರೆಯೇ ಎಂದು ಕೇಳುವವರುಂಟು. ದುಂಡನೆಯ ತೂತಿನ ಅಂಚಿನಲ್ಲಿ ಬಲ ಹಂಚಿಹೋಗುತ್ತದೆ. ಬಿರುಕಿಗೆ ಮುಂದೆ ಹೋಗಲು ಚೂಪು ಸಿಗುವುದಿಲ್ಲ. ವಿಮಾನಗಳ ತಗಡಿಗೂ ಇದೇ ಚಿಕಿತ್ಸೆ ಮಾಡುತ್ತಿದ್ದುದುಂಟು. ಆಮೇಲೆ ಒಳಬದಿಗೆ ಹಳೆ ಎಣ್ಣೆ ಡಬ್ಬದ್ದಲ್ಲ, ಮಡ್‌ಗಾರ್ಡಿನಷ್ಟೇ ದಪ್ಪ ತಗಡಿನ ತೇಪೆ ಇಟ್ಟು ರಿವೆಟ್ ಹೊಡೆಯಬೇಕು. ನಡುವೆ ಪ್ರೈಮರ್ ಸವರದಿದ್ದರೆ ತೇಪೆಯ ಸಂದಿನಲ್ಲೇ ಹೊಸ ತುಕ್ಕಿನ ಗೂಡು. ಬೆಸುಗೆ ಬೇಕೆನಿಸಿದರೆ ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಆಗಿಬರದು, ಸುಟ್ಟು ತೂತಾಗುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಕಡ್ಡಿ ಹಾಕಿ ಮಾಡುವ ಬ್ರೇಜಿಂಗ್ ಸರಿ.

ಖಾಲಿ ಟ್ಯಾಂಕು ಖಾಲಿಯಲ್ಲ

ಈಗ ಮನೆಯಲ್ಲಿ ಮಾಡಬಾರದ ಆ ಕೆಲಸದ ಮಾತು. ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತೋರಿಸಿ ಬೆಸೆಯುವುದೇ ಅದು.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ ಎಂದರೆ ಬಹಳ ಜನ ನಂಬುವುದಿಲ್ಲ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಆವಿ. ಅದೂ ಗಾಳಿಯಲ್ಲಿ ಸುಮಾರು ಶೇಕಡ 1.4ರಿಂದ 7.6ರಷ್ಟು ಬೆರೆತಾಗ ಮಾತ್ರ. ತುಂಬಿದ ಟ್ಯಾಂಕಿನೊಳಗೆ ಆವಿ ಹೆಚ್ಚು, ಗಾಳಿ ಕಡಿಮೆ. ಖಾಲಿ ಮಾಡಿದ ಟ್ಯಾಂಕಿನಲ್ಲಿ ಎರಡೂ ಹದವಾಗಿ ಬೆರೆತಿರುತ್ತವೆ. ಹನ್ನೆರಡು ಲೀಟರ್ ಹಿಡಿಯುವ ಟ್ಯಾಂಕನ್ನು ಈ ಹದಕ್ಕೆ ತರಲು ಎಷ್ಟು ಪೆಟ್ರೋಲು ಬೇಕು? ಲೆಕ್ಕ ಹಾಕಿದರೆ ಬರುವುದು ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಟೀ ಚಮಚದ ಐದನೆಯ ಒಂದು ಪಾಲು. ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಅಷ್ಟು ಆವಿ ಒಮ್ಮೆಲೇ ಹೊತ್ತಿಕೊಂಡರೆ ಆಗುವುದು ಬೆಂಕಿಯಲ್ಲ, ಸ್ಫೋಟ. ತಗಡಿನ ಅಂಚು ಕತ್ತಿಯಾಗಿ ಹಾರುತ್ತದೆ.

ಒಂದೆರಡು ಸಲ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟಿದ್ದೇವೆ, ವಾಸನೆಯೇ ಇಲ್ಲ ಎಂಬ ಮಾತು ಸಾಮಾನ್ಯ. ನೀರಿಗೂ ಪೆಟ್ರೋಲಿಗೂ ಆಗದು, ಆದ್ದರಿಂದ ಬರಿ ನೀರಿನ ತೊಳೆತ ಪ್ರಯೋಜನವಿಲ್ಲ. ಟ್ಯಾಂಕಿನ ಎರಡು ಹೋಳುಗಳು ಕೂಡುವ ಅಂಚಿನ ಮಡಿಕೆಯಲ್ಲಿ, ತುಕ್ಕಿನ ಪದರದ ಕೆಳಗೆ, ತಳದ ಗಸಿಯಲ್ಲಿ ಪೆಟ್ರೋಲು ಅವಿತಿರುತ್ತದೆ. ಯೆಜ್ಡಿ, ರಾಜದೂತ್‌ಗಳಂಥ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸುತ್ತಿದ್ದುದರಿಂದ ಒಳಗೋಡೆಗೆ ಎಣ್ಣೆಯ ಪೊರೆಯೂ ಇರುತ್ತದೆ. ತಣ್ಣಗಿದ್ದಾಗ ವಾಸನೆ ಕೊಡದ ಇವೆಲ್ಲ ಜ್ವಾಲೆ ತಗುಲಿದೊಡನೆ ಆವಿಯಾಗಿ ಬರುತ್ತವೆ. ಅಲ್ಲದೆ ಪೆಟ್ರೋಲಿನ ವಾಸನೆಗೆ ಮೂಗು ಬೇಗ ಮಂದವಾಗುತ್ತದೆ. ಮೂಗನ್ನು ನಂಬಿ ವೆಲ್ಡಿಂಗ್ ಟಾರ್ಚ್ ಹಚ್ಚುವುದು ತರವಲ್ಲ.

ಟ್ಯಾಂಕು ಬೆಸೆದು ಕೈ ಪಳಗಿದ ವೆಲ್ಡರ್‌ಗಳು ಅನುಸರಿಸುವ ಕ್ರಮ ಹೀಗೆ. ಪೆಟ್ರೋಲನ್ನು ಬಯಲಿನಲ್ಲಿ ಇಳಿಸಿ, ಕಾಕ್ ಬಿಚ್ಚಿ, ಬಿಸಿನೀರಿಗೆ ವಾಷಿಂಗ್ ಸೋಡ ಮತ್ತು ಸೋಪಿನ ಪುಡಿ ಹಾಕಿ ಕುಲುಕಿ ಕುಲುಕಿ ನಾಲ್ಕೈದು ಬಾರಿ ತೊಳೆಯುತ್ತಾರೆ. ಬೆಸೆಯುವ ಜಾಗ ಮೇಲೆ ಬರುವಂತೆ ಟ್ಯಾಂಕನ್ನು ಓರೆಯಾಗಿ ಕೂರಿಸಿ, ತೂತಿನ ಅಂಚಿನವರೆಗೂ ನೀರು ತುಂಬುತ್ತಾರೆ. ಮುಚ್ಚಳ ತೆರೆದೇ ಇರುತ್ತದೆ. ಒಳಗೆ ಗಾಳಿಗೆ ಜಾಗವೇ ಇಲ್ಲದಿದ್ದರೆ ಸ್ಫೋಟಕ್ಕೂ ಜಾಗವಿಲ್ಲ. ಇದನ್ನು ಮಾಡದೆ ಟಾರ್ಚ್ ಕೈಗೆತ್ತಿಕೊಳ್ಳುವ ವೆಲ್ಡರನ ಅಂಗಡಿಯಿಂದ ಟ್ಯಾಂಕನ್ನು ಹಿಂದಕ್ಕೆ ತರುವುದು ಅವಮಾನವಲ್ಲ. ತೊಳೆದ ನೀರನ್ನು ಚರಂಡಿಗೆ, ಬೋರ್‌ವೆಲ್ಲಿನ ಬಳಿಗೆ ಚೆಲ್ಲಬಾರದೆಂಬುದೂ ನೆನಪಿರಲಿ.

ಹಾಗಾದರೆ ಟ್ಯಾಂಕಿಗೆ ಮನೆಯಲ್ಲಿ ಮಾಡಬಹುದಾದದ್ದೇನೂ ಇಲ್ಲವೆ? ಬೆಂಕಿಯಿಲ್ಲದ ಕೆಲಸಗಳು ಬೇಕಾದಷ್ಟಿವೆ. ದಾರಿಯ ಮಧ್ಯೆ ಸೂಜಿಮೊನೆಯಷ್ಟು ತೂತಿನಿಂದ ಪೆಟ್ರೋಲು ಒಸರತೊಡಗಿದರೆ ಹಳೆಯ ಡ್ರೈವರುಗಳು ಬಟ್ಟೆ ತೊಳೆಯುವ ಬಾರ್ ಸೋಪನ್ನು ಅಲ್ಲಿಗೆ ತಿಕ್ಕುತ್ತಿದ್ದರು. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಊರು ಮುಟ್ಟುವವರೆಗೆ ಬಿರಡೆಯಾಗಿ ನಿಲ್ಲುತ್ತದೆ. ಆದರೆ ಕಾಲ ಬದಲಾಗಿದೆ. ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರಕೆ 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಎಥನಾಲ್‌ನಲ್ಲಿ ಸೋಪು ತಕ್ಕಮಟ್ಟಿಗೆ ಕರಗುವುದರಿಂದ ಈ ಬಿರಡೆಯ ಆಯಸ್ಸು ಹಿಂದಿನಷ್ಟಿಲ್ಲ. ಸೋರುವ ಟ್ಯಾಂಕು, ಅದರಡಿಯಲ್ಲಿ ಕಾದ ಎಂಜಿನು. ಬಿರಡೆ ನಿಂತರೂ ಬೇಗ ಊರು ಸೇರುವುದೇ ಸರಿ.

ಮನೆಗೆ ಬಂದ ಮೇಲೆ ಟ್ಯಾಂಕು ಬರಿದು ಮಾಡಿ, ತೂತಿನ ಸುತ್ತ ಎರಡು ಬೆರಳಗಲ ಬಣ್ಣ ಕೆರೆದು, ಎಮರಿ ಕಾಗದದಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ತಿನ್ನರಿನಿಂದ ಜಿಡ್ಡು ಒರೆಸಿ, ಎಂ-ಸೀಲ್‌ನಂಥ ಎರಡು ಮುದ್ದೆಯ ಅಂಟನ್ನು ಒಂದೇ ಬಣ್ಣ ಬರುವವರೆಗೆ ನಾದಿ ತೆಳುವಾಗಿ ಒತ್ತಬೇಕು. ಅಂಟು ನಿಲ್ಲದಿರಲು ನೂರಕ್ಕೆ ತೊಂಬತ್ತು ಕಾರಣ ಅಂಟಲ್ಲ, ಸರಿಯಾಗಿ ಉಜ್ಜದಿರುವುದು. ಒಂದು ದಿನ ಪೂರ್ತಿ ಬಿಟ್ಟು ಪೆಟ್ರೋಲು ತುಂಬಬೇಕು. ಇದೂ ಶಾಶ್ವತವಲ್ಲ. ಎಥನಾಲ್ ಬೆರೆತ ಪೆಟ್ರೋಲು ಇಂಥ ಅಂಟುಗಳನ್ನು ನಿಧಾನವಾಗಿ ಮೆದುಮಾಡಬಲ್ಲದು. ಪ್ರತಿ ಬಾರಿ ಪೆಟ್ರೋಲು ಹಾಕಿಸಿದಾಗ ಬೆರಳಾಡಿಸಿ ನೋಡುವುದು ಕ್ಷೇಮ.

ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಹಳೆ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂತು ಒಳತುಕ್ಕು ಹೆಚ್ಚುವುದು ಇದರಿಂದ. ತಗಡು ಇನ್ನೂ ಗಟ್ಟಿಯಿದ್ದರೆ, ಪೆಟ್ರೋಲು ಇಳಿಸಿ ಸೋಪಿನ ನೀರಿನಲ್ಲಿ ತೊಳೆದ ಟ್ಯಾಂಕಿನೊಳಗೆ ನಿಂಬೆ ಉಪ್ಪಿನ ದ್ರಾವಣ ಮತ್ತು ಒಂದು ಹಿಡಿ ಹಳೆ ನಟ್ಟು ಹಾಕಿ ಕುಲುಕಬಹುದು. ಹಾಕುವ ಮೊದಲು ನಟ್ಟುಗಳನ್ನು ಎಣಿಸಿಕೊಂಡಿರಬೇಕು. ಇಲ್ಲದಿದ್ದರೆ ಒಳಗೆ ಉಳಿದ ಒಂದು ನಟ್ಟು ಗಾಡಿ ಇರುವಷ್ಟು ಕಾಲ ಗಿಲಕಿಯಾಡುತ್ತಿರುತ್ತದೆ. ಸೋಡದ ನೀರಿನಲ್ಲಿ ತೊಳೆದು, ಒಣಗಿಸಿ, ಸ್ವಲ್ಪ ಟೂ ಸ್ಟ್ರೋಕ್ ಎಣ್ಣೆ ಹಾಕಿ ಎಲ್ಲ ಕಡೆ ಹರಿದಾಡಿಸಿದರೆ ಮುಗಿಯಿತು. ಕಂಪ್ರೆಸರಿನ ಗಾಳಿ ತುಂಬಿ ನೆಗ್ಗು ಉಬ್ಬಿಸುವ ಪ್ರಯತ್ನ ಮಾತ್ರ ಬೇಡ. ಟ್ಯಾಂಕು ಟಯರಲ್ಲ. ನೆಗ್ಗು ಏಳುವ ಮೊದಲೇ ಬೆಸುಗೆಯ ಅಂಚು ಬಿಡುತ್ತದೆ. ತೆಂಗಿನಕಾಯಿ ಮಾಡಿದ ನೆಗ್ಗು ಸೋರದೆ ಇದ್ದರೆ ಅದನ್ನು ಹಾಗೆಯೇ ಬಿಡುವುದರಲ್ಲೂ ನಷ್ಟವೇನಿಲ್ಲ.

ತೇಲುವುದೋ ಮುಳುಗುವುದೋ

ಎಂಬತ್ತರ ದಶಕದ ಮಧ್ಯದಲ್ಲಿ ಬಂದ ಜಪಾನಿ ನಮೂನೆಯ ಗಾಡಿಗಳೂ ಈಗ ಹಳೆಯವಾದವು. ಹೀರೊ ಹೊಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಎರಡೂ 1985ರವು. ಆರ್‌ಎಕ್ಸ್ ತಯಾರಿಕೆ 1996ರಲ್ಲೇ ನಿಂತಿತು. ಇವುಗಳ ಪಕ್ಕದ ಪ್ಯಾನೆಲ್ ತಗಡಿನದಲ್ಲ, ಪ್ಲಾಸ್ಟಿಕ್. ರಬ್ಬರಿಗೆ ಸಿಕ್ಕಿಸುವ ಅದರ ಕಿವಿ ಮುರಿಯುವುದು ಎಲ್ಲ ಮಾಲೀಕರ ಗೋಳು.

ಪ್ಲಾಸ್ಟಿಕ್ಕುಗಳಲ್ಲಿ ಜಾತಿಗಳುಂಟು, ಅದನ್ನು ತಿಳಿಯದೆ ಅಂಟು ಹಾಕಿದರೆ ಕೆಲಸ ಕೆಡುತ್ತದೆ. ಮುರಿದ ಚೂರನ್ನು ಒಂದು ಲೋಟ ನೀರಿಗೆ ಹಾಕಿ. ತೇಲಿದರೆ ಅದು ಪಾಲಿಪ್ರೊಪಿಲಿನ್ ಕುಲದ್ದು, ಸಾಮಾನ್ಯ ಅಂಟಿಗೆ ಬಗ್ಗದು. ಬಿಸಿ ಸಾಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಕೂಡಿಸಬೇಕು. ಮುಳುಗಿದರೆ ಬಹುಮಟ್ಟಿಗೆ ಎಬಿಎಸ್. ಒಂದು ಹನಿ ಅಸಿಟೋನ್ ಬಿಟ್ಟಾಗ ಮೇಲ್ಮೈ ಅಂಟಂಟಾದರೆ ಖಚಿತ. ಅದೇ ಜಾತಿಯ ಪ್ಯಾನೆಲಿನ ನಿರುಪಯೋಗಿ ಚೂರುಗಳನ್ನು ಅಸಿಟೋನಿನಲ್ಲಿ ರಾತ್ರಿ ನೆನೆಹಾಕಿದರೆ ದೋಸೆ ಹಿಟ್ಟಿನಂಥ ಗಸಿ ಸಿಗುತ್ತದೆ. ಅದನ್ನು ಮುರುಕಿನ ಎರಡು ಕಡೆಗೂ ಬಳಿದು ಒತ್ತಿಟ್ಟರೆ ಅಸಿಟೋನ್ ಹಾರಿಹೋಗಿ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಾಗಿಯೇ ಕೂಡಿಕೊಳ್ಳುತ್ತದೆ. ಇದು ಅಂಟಲ್ಲ, ಬೆಸುಗೆ. ಒಳಬದಿಗೆ ಸೊಳ್ಳೆಪರದೆಯ ಉಕ್ಕಿನ ಜಾಲರಿಯ ತುಂಡೊಂದನ್ನು ಹುದುಗಿಸಿದರೆ ಇನ್ನೂ ಗಟ್ಟಿ. ಅಸಿಟೋನ್ ಕೂಡ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯಲ್ಲಿ ಈ ಪ್ರಯೋಗ ಸಲ್ಲದು.

ಕಿವಿಯ ಒಂದು ಮೂಲೆಯೇ ಕಳೆದುಹೋಗಿದ್ದರೆ ಫೆವಿಕ್ವಿಕ್ ಮತ್ತು ಅಡುಗೆ ಸೋಡ ಸಾಕು. ಖಾಲಿ ಜಾಗಕ್ಕೆ ಚಿಟಿಕೆ ಸೋಡ ತುಂಬಿ ಒಂದು ಹನಿ ಅಂಟು ಬಿಟ್ಟೊಡನೆ ಅದು ಕಲ್ಲಾಗುತ್ತದೆ. ಪದರದ ಮೇಲೆ ಪದರ ಹಾಕಿ ಬೆಳೆಸಿ, ಅರದಿಂದ ಆಕಾರ ಕೊಡಬಹುದು. ಆ ಕ್ಷಣದಲ್ಲಿ ಶಾಖ ಮತ್ತು ಕಣ್ಣು ಉರಿಸುವ ಹೊಗೆ ಏಳುತ್ತದೆ, ಮುಖ ದೂರವಿರಲಿ.

ಫೈಬರ್ ಭಾಗಗಳಿಗೆ ರೆಸಿನ್ ಮತ್ತು ಗಾಜಿನ ನಾರಿನ ಹಾಸು ಬೇಕು. ಹಾಸು ಸಿಗದಿದ್ದರೆ ಚೆನ್ನಾಗಿ ಒಣಗಿಸಿದ ಅಡಿಕೆ ಗೋಣಿಯ ಸೆಣಬಿನ ಬಟ್ಟೆಯೂ ನಡೆಯುತ್ತದೆ. ಬಲ ಸ್ವಲ್ಪ ಕಡಿಮೆ, ತೇವ ತಾಗದಂತೆ ಬಣ್ಣ ಕಡ್ಡಾಯ. ಇಲ್ಲೊಂದು ಎಚ್ಚರಿಕೆ: ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಸೀಸೆ ಕೊಡುತ್ತಾರೆ, ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂಥ ಹಾರ್ಡ್‌ನರ್. ಇವೆರಡನ್ನೂ ನೇರವಾಗಿ ಬೆರೆಸಿದರೆ ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್ ಹಾಕಬೇಕು.

ಮುಟ್ಟಬಾರದ ಭಾಗಗಳು

ಚಾಸಿಸ್ಸು, ಮುಂದಿನ ಫೋರ್ಕು, ಹ್ಯಾಂಡಲು, ಬ್ರೇಕಿನ ತೋಳು ಇವು ಹೊರಮೈ ಅಲ್ಲ, ಎಲುಬು. ಇವುಗಳ ಬಿರುಕಿಗೆ ಅಂಟು, ತೇಪೆ ಯಾವುದೂ ಸಲ್ಲ. ತುಕ್ಕು ಉಜ್ಜುವ ಭರದಲ್ಲಿ ಚಾಸಿಸ್ ನಂಬರನ್ನು ಅರದಿಂದ ಸವೆಸಿಬಿಟ್ಟರೆ ನೋಂದಣಿ ನವೀಕರಣದ ದಿನ ಗಾಡಿ ನಿಮ್ಮದೆಂದು ನಂಬಿಸುವುದು ಕಷ್ಟ. ಆ ಜಾಗಕ್ಕೆ ನಿಂಬೆ ಉಪ್ಪಿನ ಬಟ್ಟೆ, ಹಲ್ಲುಜ್ಜುವ ಹಳೆ ಬ್ರಷ್ಷು ಇಷ್ಟೇ ಸಾಕು.

ಹೊರಮೈಯ ಮೂಲ ತಗಡನ್ನು ಉಳಿಸಿಕೊಳ್ಳಲು ಈಗ ಕಾನೂನಿನ ಕಾರಣವೂ ಸೇರಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿಸ್, ಹೊರಮೈ, ಎಂಜಿನುಗಳಲ್ಲಿ ದೊಡ್ಡ ಬದಲಾವಣೆಯಿಲ್ಲದ ದ್ವಿಚಕ್ರ ವಾಹನಗಳನ್ನೂ ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥ ಗಾಡಿ ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ. ಎಪ್ಪತ್ತರ ದಶಕದ ಮೊದಲ ಯೆಜ್ಡಿಗಳು ಆ ವಯಸ್ಸಿಗೆ ಬಂದಿವೆ. ತೋಟಕ್ಕೆ ದಿನವೂ ಓಡಿಸುವವರು ಮಾಮೂಲಿ ನವೀಕರಣದಲ್ಲೇ ಇರುವುದು ಲೇಸು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಮೈಸೂರು, ಬೆಂಗಳೂರುಗಳಲ್ಲಿ ಸಾಲುಗಟ್ಟುವ ಗಾಡಿಗಳ ನಡುವೆ ಹೊಸ ಬಣ್ಣ ಬಳಿದವಕ್ಕಿಂತ ಹಳೆ ತಗಡು ಉಳಿಸಿಕೊಂಡವುಗಳ ಸುತ್ತಲೇ ಬಲ್ಲವರು ನಿಲ್ಲುತ್ತಾರೆ.

ಬಣ್ಣದ ವಿಷಯದಲ್ಲಿ ಹೇಳುವುದು ಕಡಿಮೆ. ರೆಡ್ ಆಕ್ಸೈಡ್ ಅಥವಾ ಎಪಾಕ್ಸಿ ಪ್ರೈಮರಿನ ಒಂದು ಕೈ, ಅದು ಒಣಗಿದ ಮೇಲೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವುದು, ಆಮೇಲೆ ಬಣ್ಣದ ಮೂರು ತೆಳು ಪದರ. ಹಿರಿಯೂರು, ಚಿತ್ರದುರ್ಗಗಳಲ್ಲಿ ಆಷಾಢದ ಗಾಳಿಗೆ ಈ ಕೆಲಸ ಹಿಡಿಯಬಾರದು, ಬಣ್ಣದ ತುಂಬ ದೂಳಿನ ಕಾಳು ಕೂರುತ್ತದೆ. ದೀಪಾವಳಿ ಕಳೆದ ಮೇಲೆ, ಬೆಳಗಿನ ಇಬ್ಬನಿ ಆರಿದ ನಂತರ, ಅಂಗಳಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿ ಮಾಡಿದರೆ ಚೆನ್ನ. ಬಣ್ಣ ಒಂದು ವಾರ ಗಟ್ಟಿಯಾಗಲು ಬಿಟ್ಟು, ಪ್ರತಿ ಬೋಲ್ಟಿನಡಿಯೂ ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ವಾಷರ್ ಇಟ್ಟು ಮಡ್‌ಗಾರ್ಡು ಕೂರಿಸಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ, ತಗಡು ತನ್ನ ಜಾಗಕ್ಕೆ ತಾನೇ ಹೊಂದಿಕೊಂಡ ಮೇಲೆ ಪಾನಾ ಹಾಕುವುದು. ನೂರು ಕಿಲೋಮೀಟರ್ ಓಡಿದ ನಂತರ ಇನ್ನೊಂದು ಸುತ್ತು ಬಿಗಿ.